ಕಚೇರಿಯ ನೂರಾರು ಕಂಪ್ಯೂಟರ್‌ಗಳಲ್ಲಿ ಯೂಸರ್ ಪ್ರೊಫೈಲ್ ಸೆಟ್ಟಿಂಗ್‌ಗಳ ಬ್ಯಾಕಪ್: ಏನನ್ನು ತೆಗೆಯಬೇಕು, ಹೇಗೆ, ಎಲ್ಲಿ ಕೈಕೊಡುತ್ತದೆ

ಒಬ್ಬರ ಕಂಪ್ಯೂಟರ್ ಕೆಟ್ಟು ಹೊಸದನ್ನು ಕೊಟ್ಟಾಗ ದಾಖಲೆಗಳು ಫೈಲ್ ಸರ್ವರ್‌ನಿಂದ ಬೇಗ ಸಿಕ್ಕಿಬಿಡುತ್ತವೆ. ತಲೆನೋವು ಶುರುವಾಗುವುದು ಆಮೇಲೆ. ಔಟ್‌ಲುಕ್‌ನಲ್ಲಿ ಸಹಿ ಇರುವುದಿಲ್ಲ, ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಇರುವುದಿಲ್ಲ, ಎಕ್ಸೆಲ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮ್ಯಾಕ್ರೊ ಕಾಣುವುದಿಲ್ಲ, ಡೇಟಾಬೇಸ್‌ಗೆ ಹೋಗುವ ಓಡಿಬಿಸಿ ಸಂಪರ್ಕ ಮಾಯವಾಗಿರುತ್ತದೆ. ಇವೆಲ್ಲ ಸೇರಿದರೂ ಬಹುತೇಕ ಕೆಲವೇ ಎಂಬಿ. ಆದರೆ ಇವಿಲ್ಲದೆ ಆ ವ್ಯಕ್ತಿಯ ಒಂದೆರಡು ದಿನದ ಕೆಲಸ ಹಾಳಾಗುತ್ತದೆ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ, ಡೊಮೇನ್‌ಗೆ (ಖಾತೆಗಳನ್ನೂ ನಿಯಮಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಕಚೇರಿ ಜಾಲಕ್ಕೆ) ಸೇರಿದ ಕಂಪ್ಯೂಟರ್‌ಗಳ ವಿಷಯ. ಆದೇಶಗಳು, ಫೋಲ್ಡರ್‌ಗಳ ಹೆಸರುಗಳು ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಇಡೀ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿದರೆ ಸಾಲದೇ?

ಸಾಲದು. ಸಿ:\ಯೂಸರ್ಸ್ ಅಡಿಯಲ್ಲಿರುವ ಫೋಲ್ಡರನ್ನು ಹಾಗೇ ಎತ್ತಿ ಸರ್ವರ್‌ಗೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಕೈಕೊಡುವುದು ಮೂರು ಕಡೆ.

ಮೊದಲನೆಯದು ರಿಜಿಸ್ಟ್ರಿ, ಅಂದರೆ ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್‌ಗಳಿರುವ ಕೋಶ. ಲಾಗಿನ್ ಆದ ಬಳಕೆದಾರರಿಗೆ ಸೇರಿದ, ಎಚ್‌ಕೆಸಿಯು ಎಂದು ನಾವು ನೋಡುವ ರಿಜಿಸ್ಟ್ರಿ ಭಾಗದ ಬಹುಪಾಲು ಪ್ರೊಫೈಲ್‌ನ ಎನ್‌ಟಿಯೂಸರ್.ಡ್ಯಾಟ್ ಎಂಬ ಫೈಲ್‌ನಲ್ಲಿದೆ. ಬಳಕೆದಾರ ಲಾಗಿನ್ ಆಗಿರುವಷ್ಟು ಹೊತ್ತೂ ವಿಂಡೋಸ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಸಾಮಾನ್ಯ ಕಾಪಿಗೆ ಬಿಟ್ಟುಕೊಡುವುದಿಲ್ಲ. ಹೇಗೋ ಕಾಪಿ ಮಾಡಿದಿರಿ ಅನ್ನಿ, ಅದರೊಳಗಿನ ಅನುಮತಿಗಳು ಆ ಖಾತೆಯ ಎಸ್‌ಐಡಿಗೆ (ವಿಂಡೋಸ್ ಪ್ರತಿ ಖಾತೆಗೂ ಕೊಡುವ ಗುರುತಿನ ಸಂಖ್ಯೆಗೆ) ಕಟ್ಟುಬಿದ್ದಿರುತ್ತವೆ. ಬೇರೆ ಖಾತೆಯ ಪ್ರೊಫೈಲ್‌ಗೆ ಅದನ್ನು ಹಾಕಿದರೆ ಲಾಗಿನ್ ಆದರೂ ಸ್ಟಾರ್ಟ್ ಮೆನು ತೆರೆಯದಂತಹ ವಿಚಿತ್ರ ತೊಂದರೆಗಳು ಬರುತ್ತವೆ.

ಎರಡನೆಯದು ಗೂಢಲಿಪಿ. ಕ್ರೋಮ್, ಎಡ್ಜ್ ಬ್ರೌಸರ್‌ಗಳಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿರುವವು, ಎಲ್ಲಕ್ಕೂ ವಿಂಡೋಸ್‌ನದೇ ಗೂಢಲಿಪಿ ವ್ಯವಸ್ಥೆಯಾದ ಡಿಪಿಎಪಿಐ ಬೀಗವಿದೆ. ಆ ಬೀಗದ ಕೀಲಿ ಬಳಕೆದಾರರ ಲಾಗಿನ್ ಪಾಸ್‌ವರ್ಡ್‌ಗೆ ಹೊಂದಿಕೊಂಡಿದೆ. ಕ್ರೋಮ್ 127ನೇ ಆವೃತ್ತಿಯಿಂದ ಇದರ ಮೇಲೆ ಇನ್ನೊಂದು ಪದರ ಸೇರಿದೆ. ಫೈಲ್ ಕಾಪಿಯಾಗಿ ಬರುತ್ತದೆ, ಹೊಸ ಕಂಪ್ಯೂಟರ್‌ನಲ್ಲಿ ತೆರೆಯುವ ಭರವಸೆ ಮಾತ್ರ ಇಲ್ಲ.

ಮೂರನೆಯದು ಜಂಕ್ಷನ್‌ಗಳು. ಹಳೆಯ ಪ್ರೋಗ್ರಾಂಗಳಿಗಾಗಿ ವಿಂಡೋಸ್ ಪ್ರೊಫೈಲ್‌ನೊಳಗೆ ಕೆಲವು ಅಡ್ಡದಾರಿಗಳನ್ನು ಇಟ್ಟಿದೆ. ಆ್ಯಪ್‌ಡೇಟಾ\ಲೋಕಲ್ ಒಳಗಿರುವ ‘ಅಪ್ಲಿಕೇಶನ್ ಡೇಟಾ’ ಮತ್ತೆ ಆ್ಯಪ್‌ಡೇಟಾ\ಲೋಕಲ್‌ಗೇ ಕರೆದೊಯ್ಯುತ್ತದೆ. ಇದನ್ನು ತಡೆಯದ ಕಾಪಿ ಪ್ರೋಗ್ರಾಂ ಒಂದರೊಳಗೊಂದು ಫೋಲ್ಡರ್ ಮಾಡುತ್ತಾ ಹೋಗಿ ಸರ್ವರ್‌ನ ಜಾಗ ತಿಂದುಹಾಕುತ್ತದೆ.

ಹಾಗಾಗಿ ದಾರಿ ಎರಡು. ದಿನನಿತ್ಯಕ್ಕೆ, ಬಳಕೆದಾರ ಲಾಗಿನ್ ಆಗಿರುವಾಗಲೇ ಅವರ ಹೆಸರಿನಲ್ಲೇ ಓಡುವ ಸಣ್ಣ ಸ್ಕ್ರಿಪ್ಟ್, ಅದು ಬೇಕಾದ್ದನ್ನಷ್ಟೇ ಆರಿಸಿ ತೆಗೆಯುತ್ತದೆ. ಕಂಪ್ಯೂಟರನ್ನೇ ಬದಲಿಸುವಾಗ ಮೈಕ್ರೊಸಾಫ್ಟ್‌ನ ಯೂಎಸ್‌ಎಂಟಿ, ಬಳಕೆದಾರರ ಸೆಟ್ಟಿಂಗ್‌ಗಳನ್ನು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಉಪಕರಣ. ಎರಡಕ್ಕೂ ಒಂದೇ ಉಪಕರಣ ಬಳಸಲು ಹೋಗಬೇಡಿ.

ತೆಗೆಯಬೇಕಾದ್ದರ ಪಟ್ಟಿ

ಪಟ್ಟಿ ಮಾಡುವುದೇ ಈ ಕೆಲಸದ ಅರ್ಧ ಭಾಗ. ಪ್ರತಿ ವಿಭಾಗದಿಂದ ಒಬ್ಬೊಬ್ಬರ ಪಕ್ಕ ಕೂತು ‘ಈ ಕಂಪ್ಯೂಟರ್ ನಾಳೆ ಇಲ್ಲದಿದ್ದರೆ ಏನೇನು ಮತ್ತೆ ಹೊಂದಿಸಬೇಕು’ ಎಂದು ಕೇಳಿ. ಬಹುತೇಕ ಕಚೇರಿಗಳಲ್ಲಿ ಉತ್ತರ ಇವುಗಳ ಸುತ್ತ ಇರುತ್ತದೆ.

ಆ್ಯಪ್‌ಡೇಟಾ\ರೋಮಿಂಗ್\ಮೈಕ್ರೊಸಾಫ್ಟ್ ಅಡಿಯಲ್ಲಿ ಸಿಗ್ನೇಚರ್ಸ್ ಎಂಬಲ್ಲಿ ಔಟ್‌ಲುಕ್ ಸಹಿಗಳು, ಟೆಂಪ್ಲೇಟ್ಸ್‌ನಲ್ಲಿ ವರ್ಡ್‌ನ ನಾರ್ಮಲ್.ಡಾಟ್‌ಎಂ, ಯೂಪ್ರೂಫ್‌ನಲ್ಲಿ ಬಳಕೆದಾರರು ಸೇರಿಸಿದ ಪದಗಳ ನಿಘಂಟು, ಎಕ್ಸೆಲ್\ಎಕ್ಸ್‌ಎಲ್‌ಸ್ಟಾರ್ಟ್‌ನಲ್ಲಿ ಪರ್ಸನಲ್.ಎಕ್ಸ್‌ಎಲ್‌ಎಸ್‌ಬಿ. ಲೆಕ್ಕಪತ್ರ ವಿಭಾಗದವರು ಬರೆದುಕೊಂಡ ಮ್ಯಾಕ್ರೊಗಳೆಲ್ಲ ಹೆಚ್ಚಾಗಿ ಈ ಕೊನೆಯ ಫೈಲ್‌ನಲ್ಲಿರುತ್ತವೆ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೊಸ ಔಟ್‌ಲುಕ್ ಬಳಸುವವರ ಸಹಿ ಮೇಲ್‌ಬಾಕ್ಸ್ ಜೊತೆಗೇ ಇರುತ್ತದೆ, ಅವರಿಗೆ ಸಿಗ್ನೇಚರ್ಸ್ ಫೋಲ್ಡರ್ ಬೇಕಾಗಿಲ್ಲ. ಹಳೆಯ ಔಟ್‌ಲುಕ್‌ನಲ್ಲಿ ವಿಳಾಸ ಬರೆಯುವಾಗ ತಾನಾಗಿ ಬರುವ ಹೆಸರುಗಳ ಪಟ್ಟಿ ಆ್ಯಪ್‌ಡೇಟಾ\ಲೋಕಲ್\ಮೈಕ್ರೊಸಾಫ್ಟ್\ಔಟ್‌ಲುಕ್\ರೋಮ್‌ಕ್ಯಾಶ್‌ನಲ್ಲಿದೆ. ಪಕ್ಕದಲ್ಲೇ ಕಾಣುವ ಓಎಸ್‌ಟಿ ಫೈಲ್ ಮುಟ್ಟಬೇಡಿ. ಅದು ಸರ್ವರ್‌ನಲ್ಲಿರುವುದರ ನಕಲು, ಎಷ್ಟೋ ಜಿಬಿ ಇರುತ್ತದೆ, ಮತ್ತೆ ತಾನಾಗಿ ಹುಟ್ಟುತ್ತದೆ.

ಕ್ರೋಮ್‌ನಲ್ಲೂ ಎಡ್ಜ್‌ನಲ್ಲೂ ‘ಯೂಸರ್ ಡೇಟಾ’ ಫೋಲ್ಡರ್‌ನ ಡೀಫಾಲ್ಟ್ ಒಳಗಿನ ಬುಕ್‌ಮಾರ್ಕ್ಸ್ ಎಂಬ ಒಂದೇ ಫೈಲ್ ಸಾಕು. ಒಂದಕ್ಕಿಂತ ಹೆಚ್ಚು ಬ್ರೌಸರ್ ಪ್ರೊಫೈಲ್ ಇದ್ದರೆ ‘ಪ್ರೊಫೈಲ್ 1’, ‘ಪ್ರೊಫೈಲ್ 2’ ಎಂದಿರುವ ಫೋಲ್ಡರ್‌ಗಳನ್ನೂ ಸ್ಕ್ರಿಪ್ಟ್ ಹುಡುಕಬೇಕು. ಇದನ್ನು ಮರೆಯುವವರೇ ಹೆಚ್ಚು. ಫೈರ್‌ಫಾಕ್ಸ್‌ನಲ್ಲಿ ಬುಕ್‌ಮಾರ್ಕ್ ಇರುವ ಪ್ಲೇಸಸ್.ಎಸ್‌ಕ್ಯೂಲೈಟ್ ತೆರೆದಿರುವಾಗ ಕಾಪಿ ಮಾಡಿದರೆ ಅರ್ಧಂಬರ್ಧ ಬರಬಹುದು. ಅದರ ಬದಲು ಫೈರ್‌ಫಾಕ್ಸ್ ತಾನೇ ತುಂಬಿಸುವ ಬುಕ್‌ಮಾರ್ಕ್‌ಬ್ಯಾಕಪ್ಸ್ ಫೋಲ್ಡರ್ ತೆಗೆಯಿರಿ. ಸ್ಟಿಕಿ ನೋಟ್ಸ್ ಬಳಸುವವರಿದ್ದರೆ ಆ್ಯಪ್‌ಡೇಟಾ\ಲೋಕಲ್\ಪ್ಯಾಕೇಜಸ್ ಒಳಗೆ ಅದರ ಲೋಕಲ್‌ಸ್ಟೇಟ್ ಫೋಲ್ಡರನ್ನು ಇಡಿಯಾಗಿ ತೆಗೆಯಬೇಕು. ಪ್ಲಮ್.ಎಸ್‌ಕ್ಯೂಲೈಟ್ ಒಂದನ್ನೇ ತೆಗೆದರೆ ಇತ್ತೀಚೆಗೆ ಬರೆದ ಚೀಟಿಗಳು ಪಕ್ಕದ ಡಬ್ಲ್ಯೂಎಎಲ್ ಫೈಲ್‌ನಲ್ಲೇ (ಮುಖ್ಯ ಫೈಲ್‌ಗೆ ಇನ್ನೂ ಸೇರದ ಬದಲಾವಣೆಗಳಿರುವ ಫೈಲ್) ಉಳಿದುಹೋಗುತ್ತವೆ.

ರಿಜಿಸ್ಟ್ರಿಯಿಂದ: ಎಚ್‌ಕೆಸಿಯು\ಸಾಫ್ಟ್‌ವೇರ್\ಓಡಿಬಿಸಿ, ಎಚ್‌ಕೆಸಿಯು\ಕಂಟ್ರೋಲ್ ಪ್ಯಾನೆಲ್\ಇಂಟರ್‌ನ್ಯಾಷನಲ್, ಎಚ್‌ಕೆಸಿಯು\ಕೀಬೋರ್ಡ್ ಲೇಔಟ್, ಎಚ್‌ಕೆಸಿಯು\ನೆಟ್‌ವರ್ಕ್, ಪುಟ್ಟಿ (ದೂರದ ಸರ್ವರ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಬಳಸುವವರಿದ್ದರೆ ಎಚ್‌ಕೆಸಿಯು\ಸಾಫ್ಟ್‌ವೇರ್\ಸೈಮನ್‌ಟ್ಯಾಥಮ್, ಮತ್ತು ನಿಮ್ಮ ಕಚೇರಿಯ ಸ್ವಂತ ಪ್ರೋಗ್ರಾಂಗಳ ಕೀಗಳು. ಇಡೀ ಎಚ್‌ಕೆಸಿಯು ಎಕ್ಸ್‌ಪೋರ್ಟ್ ಮಾಡಬೇಡಿ. ಅದರಲ್ಲಿ ಆ ಕಂಪ್ಯೂಟರ್‌ಗಷ್ಟೇ ಸೇರಿದ ದಾರಿಗಳು, ಪರದೆಯ ಅಳತೆಗಳು, ಅಳಿಸಿಹೋದ ಪ್ರೋಗ್ರಾಂಗಳ ಕಸ ಎಲ್ಲ ಇರುತ್ತದೆ, ಹೊಸ ಕಂಪ್ಯೂಟರ್‌ಗೆ ತಂದು ಸುರಿದರೆ ಹಳೆಯ ರೋಗವೂ ಜೊತೆಗೆ ಬರುತ್ತದೆ.

ಕೆಲವನ್ನು ಬ್ಯಾಕಪ್ ತೆಗೆಯುವುದೇ ವ್ಯರ್ಥ. ಯಾವ ಫೈಲ್ ಯಾವ ಪ್ರೋಗ್ರಾಂನಲ್ಲಿ ತೆರೆಯಬೇಕು ಎಂಬ ಯೂಸರ್‌ಚಾಯ್ಸ್ ಕೀಗಳಲ್ಲಿ ವಿಂಡೋಸ್ ಒಂದು ಹ್ಯಾಶ್ (ತಾನೇ ಲೆಕ್ಕ ಹಾಕಿದ ತಾಳೆ ಸಂಕೇತ) ಇಡುತ್ತದೆ, ಹೊರಗಿನಿಂದ ಬರೆದರೆ ಒಪ್ಪುವುದಿಲ್ಲ. ಅದನ್ನು ವಿಂಡೋಸ್‌ನ ಡಿಸ್ಮ್ ಆದೇಶದ ಮೂಲಕ ಎಕ್ಸ್‌ಪೋರ್ಟ್ ಮಾಡಿ ಗ್ರೂಪ್ ಪಾಲಿಸಿಯಿಂದ (ಡೊಮೇನ್‌ನ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಹಂಚುವ ವ್ಯವಸ್ಥೆಯಿಂದ) ಎಲ್ಲರಿಗೂ ಕೊಡಿ. ಇಡೀ ವಿಭಾಗಕ್ಕೆ ಒಂದೇ ಆಗಿರುವ ಪ್ರಿಂಟರ್, ನೆಟ್‌ವರ್ಕ್ ಡ್ರೈವ್, ಶಾರ್ಟ್‌ಕಟ್ ಕೂಡ ಪಾಲಿಸಿಯಿಂದಲೇ ಬರಲಿ. ಪಾಲಿಸಿ ಕೊಡುವ ಡ್ರೈವ್‌ಗಳಷ್ಟೇ ಇದ್ದರೆ ಮೇಲಿನ ಪಟ್ಟಿಯಿಂದ ನೆಟ್‌ವರ್ಕ್ ಕೀ ತೆಗೆದುಬಿಡಿ. ಪಾಸ್‌ವರ್ಡ್‌ಗಳಿಗೆ ಕಚೇರಿಯ ಪಾಸ್‌ವರ್ಡ್ ಮ್ಯಾನೇಜರ್ ಬೇಕು. ಅವನ್ನು ಯಾರು ಬೇಕಾದರೂ ಓದಬಹುದಾದ ಸಿಎಸ್‌ವಿ ಫೈಲ್ ಮಾಡಿ ಸರ್ವರ್‌ನಲ್ಲಿ ಇಡುವ ಕೆಲಸ ಖಂಡಿತ ಬೇಡ. ಕುಕೀಗಳನ್ನೂ ತೆಗೆಯಬೇಡಿ.

ಸರ್ವರ್‌ನಲ್ಲಿ ಜಾಗ

ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇರುವ ಅಡಗಿದ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಒಂದನ್ನು ಮಾಡಿ. ಶೇರ್ ಮಟ್ಟದಲ್ಲಿ ಲಾಗಿನ್ ಆದ ಎಲ್ಲರಿಗೂ ಚೇಂಜ್ ಅನುಮತಿ ಕೊಡಿ. ನಿಜವಾದ ಕಾವಲು ಎನ್‌ಟಿಎಫ್‌ಎಸ್‌ನಲ್ಲಿ, ಅಂದರೆ ಡಿಸ್ಕ್‌ನಲ್ಲಿರುವ ಫೋಲ್ಡರ್‌ನ ಅನುಮತಿಗಳಲ್ಲಿ ಇರಲಿ: ಮೇಲಿನ ಫೋಲ್ಡರ್‌ಗೆ ಬಳಕೆದಾರರಿಗೆ ‘ಈ ಫೋಲ್ಡರ್ ಮಾತ್ರ’ ಎಂಬ ಮಿತಿಯಲ್ಲಿ ನೋಡುವ ಮತ್ತು ಫೋಲ್ಡರ್ ಸೃಷ್ಟಿಸುವ ಹಕ್ಕು, ಕ್ರಿಯೇಟರ್ ಓನರ್‌ಗೆ (ಅದನ್ನು ಸೃಷ್ಟಿಸಿದವರಿಗೆ) ‘ಒಳಫೋಲ್ಡರ್ ಮತ್ತು ಫೈಲ್‌ಗಳು ಮಾತ್ರ’ ಎಂಬ ಮಿತಿಯಲ್ಲಿ ಪೂರ್ಣ ಹಕ್ಕು, ಅಡ್ಮಿನ್ ಗುಂಪಿಗೆ ಮತ್ತು ಸಿಸ್ಟಂಗೆ ಪೂರ್ಣ ಹಕ್ಕು. ಹೀಗಿದ್ದರೆ ಸ್ಕ್ರಿಪ್ಟ್ ಮೊದಲ ಸಲ ಓಡಿದಾಗ ಬಳಕೆದಾರರ ಫೋಲ್ಡರ್ ತಾನಾಗಿ ಹುಟ್ಟುತ್ತದೆ, ಒಬ್ಬರದು ಇನ್ನೊಬ್ಬರಿಗೆ ತೆರೆಯುವುದಿಲ್ಲ.

ಒಳಗಿನ ಕ್ರಮ: ಬಳಕೆದಾರರ ಹೆಸರು, ಅದರಡಿ ಕಂಪ್ಯೂಟರ್ ಹೆಸರು, ಅದರಡಿ ವಾರದ ದಿನದ ಅಂಕಿ. ಕಂಪ್ಯೂಟರ್ ಹೆಸರು ಬಿಟ್ಟರೆ ಎರಡು ಕಂಪ್ಯೂಟರ್ ಬಳಸುವವರಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆ. ದಿನದ ಹೆಸರಿನ ಬದಲು ಅಂಕಿ ಏಕೆಂದರೆ, ಹೆಸರು ಆಯಾ ಕಂಪ್ಯೂಟರ್‌ನ ಭಾಷೆಗೆ ತಕ್ಕಂತೆ ಬದಲಾಗಬಹುದು. ವಿಂಡೋಸ್‌ನ ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್‌ನ ಡೇಆಫ್‌ವೀಕ್ ಅನ್ನು ಅಂಕಿಯಾಗಿ (ಇಂಟ್) ಬದಲಿಸಿದರೆ ಭಾನುವಾರಕ್ಕೆ 0, ಶನಿವಾರಕ್ಕೆ 6 ಸಿಗುತ್ತದೆ. ಏಳು ಪ್ರತಿ ಸುತ್ತುತ್ತಾ ಇರುತ್ತವೆ. ಎಷ್ಟು ಜಾಗ ಬೇಕೆಂದು ಅಂದಾಜಿಸುವ ಮೊದಲು ಹತ್ತು ಕಂಪ್ಯೂಟರ್‌ಗಳಲ್ಲಿ ವಿಂಡೋಸ್‌ನಲ್ಲೇ ಇರುವ ಕಾಪಿ ಆದೇಶವಾದ ರೋಬೊಕಾಪಿಯನ್ನು /ಎಲ್ ಜೊತೆ ಓಡಿಸಿ. ಅದು ಏನನ್ನೂ ಕಾಪಿ ಮಾಡದೆ ಮೊತ್ತ ಮಾತ್ರ ತೋರಿಸುತ್ತದೆ. ತಲಾ 60 ಎಂಬಿ ಬಂದರೆ 200 ಜನರಿಗೆ ಏಳು ಪ್ರತಿ ಸೇರಿ 84 ಜಿಬಿ.

ಒಂದು ಅಪಾಯವನ್ನು ಮರೆಯಬೇಡಿ. ಬಳಕೆದಾರರಿಗೆ ಬರೆಯುವ ಹಕ್ಕಿರುವ ಫೋಲ್ಡರನ್ನು ಅವರ ಕಂಪ್ಯೂಟರ್‌ಗೆ ಹೊಕ್ಕ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಕೂಡ ಬರೆಯಬಲ್ಲದು. ಅದಕ್ಕಾಗಿ ರಾತ್ರಿ ಸರ್ವರ್ ತಾನೇ ಆ ಶೇರ್‌ನ ಇನ್ನೊಂದು ಪ್ರತಿಯನ್ನು ಬಳಕೆದಾರರು ಮುಟ್ಟಲಾಗದ ಜಾಗಕ್ಕೆ ಎಳೆದುಕೊಳ್ಳಲಿ, ಅಲ್ಲಿ ಕನಿಷ್ಠ ನಾಲ್ಕು ವಾರದ ಪ್ರತಿಗಳಿರಲಿ.

ಸ್ಕ್ರಿಪ್ಟ್

ಪವರ್‌ಶೆಲ್‌ನಲ್ಲಿ ಬರೆಯಿರಿ. ಕಾಪಿಗೆ ರೋಬೊಕಾಪಿಯನ್ನೇ ಕರೆಯಿರಿ. ಕೆಲಸಗಳ ಅನುಕ್ರಮ ಮುಖ್ಯ.

ಮೊಟ್ಟಮೊದಲು ಬಳಕೆದಾರರು ತಾತ್ಕಾಲಿಕ ಪ್ರೊಫೈಲ್‌ನಲ್ಲಿದ್ದಾರೆಯೇ ಎಂದು ನೋಡಬೇಕು. ಪ್ರೊಫೈಲ್ ತೆರೆಯಲಾಗದಿದ್ದಾಗ ವಿಂಡೋಸ್ ಸಿ:\ಯೂಸರ್ಸ್\ಟೆಂಪ್ ಎಂಬ ಖಾಲಿ ಪ್ರೊಫೈಲ್ ಕೊಡುತ್ತದೆ, ಈವೆಂಟ್ ಲಾಗ್‌ನಲ್ಲಿ 1511 ಬೀಳುತ್ತದೆ. ಈ ತಪಾಸಣೆ ಇಲ್ಲದ ಸ್ಕ್ರಿಪ್ಟ್ ಅದೇ ಖಾಲಿ ಸೆಟ್ಟಿಂಗ್‌ಗಳನ್ನು ಒಳ್ಳೆಯ ಬ್ಯಾಕಪ್‌ನ ಮೇಲೆ ಬರೆಯುತ್ತದೆ. ಬ್ಯಾಕಪ್ ಬೇಕೇಬೇಕಾದ ದಿನವೇ ಅದು ಹಾಳಾಗುತ್ತದೆ. ಪ್ರೊಫೈಲ್ ದಾರಿಯ ಕೊನೆಯ ಭಾಗ ಟೆಂಪ್ ಎಂದು ಶುರುವಾದರೆ ಅಡ್ಮಿನ್‌ಗೆ ಸೂಚನೆ ಬರೆದು ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ.

ಆಮೇಲೆ ಶೇರ್ ಸಿಗುತ್ತದೆಯೇ ಎಂಬ ತಪಾಸಣೆ. ಹೊರಗಿರುವ ಲ್ಯಾಪ್‌ಟಾಪ್‌ನಲ್ಲಿ ಸಿಗದಿದ್ದರೆ ಸ್ಥಳೀಯ ಲಾಗ್‌ನಲ್ಲಿ ಒಂದು ಸಾಲು ಬರೆದು ಮುಗಿಸಬೇಕು. ನಂತರ ರಿಜಿಸ್ಟ್ರಿ: ಪ್ರತಿ ಕೀಗೂ ಒಂದೊಂದು ‘ರೆಗ್ ಎಕ್ಸ್‌ಪೋರ್ಟ್’, ಕೊನೆಗೆ /ವೈ. /ವೈ ಬಿಟ್ಟರೆ ಎರಡನೇ ಸಲ ‘ಹಳೆಯದರ ಮೇಲೆ ಬರೆಯಲೇ’ ಎಂದು ಕಾಣದ ಕಿಟಕಿಯಲ್ಲಿ ಕೇಳುತ್ತಾ ನಿಂತುಬಿಡುತ್ತದೆ.

ಕೊನೆಗೆ ಫೈಲ್‌ಗಳು. ಪ್ರತಿ ಫೋಲ್ಡರ್‌ಗೂ:

ರೋಬೊಕಾಪಿ ಮೂಲ ಗುರಿ /ಇ /ಎಕ್ಸ್‌ಜೆ /ಆರ್:1 /ಡಬ್ಲ್ಯೂ:2 /ಎಫ್‌ಎಫ್‌ಟಿ /ಎನ್‌ಪಿ /ಯುನಿಲಾಗ್+:ಲಾಗ್‌ಫೈಲ್

/ಎಕ್ಸ್‌ಜೆ ಇದ್ದರೆ ಜಂಕ್ಷನ್‌ಗಳೊಳಗೆ ಹೋಗದೆ ಅವನ್ನು ಬಿಟ್ಟುಬಿಡುತ್ತದೆ. /ಆರ್ ಮತ್ತು /ಡಬ್ಲ್ಯೂ ಕೊಡದಿದ್ದರೆ ರೋಬೊಕಾಪಿ ತೆರೆಯದ ಒಂದು ಫೈಲ್‌ಗಾಗಿ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುವ ಸ್ವಭಾವದ್ದು, ಅಂದರೆ ಎಂದೂ ಮುಗಿಯುವುದಿಲ್ಲ. /ಎಫ್‌ಎಫ್‌ಟಿ ಬೇಕಾಗುವುದು ಗುರಿ ವಿಂಡೋಸ್ ಸರ್ವರ್ ಆಗಿರದೆ ಎನ್‌ಎಎಸ್ (ನೆಟ್‌ವರ್ಕ್‌ಗೆ ನೇರವಾಗಿ ಜೋಡಿಸಿದ ಸಂಗ್ರಹ ಪೆಟ್ಟಿಗೆ) ಆಗಿದ್ದಾಗ. ಸಮಯದ ಸಣ್ಣ ವ್ಯತ್ಯಾಸಕ್ಕೆ ಎಲ್ಲವನ್ನೂ ಮತ್ತೆ ಕಾಪಿ ಮಾಡುವುದು ತಪ್ಪುತ್ತದೆ. ಯುನಿಲಾಗ್ ಇದ್ದರೆ ಕನ್ನಡದ ಫೈಲ್ ಹೆಸರುಗಳು ಲಾಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗುವುದಿಲ್ಲ. /ಮಿರ್ ಬಳಸಬೇಡಿ. ಮೂಲ ಫೋಲ್ಡರ್ ಖಾಲಿಯಾಗಿದ್ದರೆ ಅದು ಗುರಿಯನ್ನೂ ಖಾಲಿ ಮಾಡುತ್ತದೆ.

ರೋಬೊಕಾಪಿಯ ಮುಕ್ತಾಯ ಸಂಕೇತಗಳು ಅನೇಕರನ್ನು ದಾರಿ ತಪ್ಪಿಸುತ್ತವೆ. ಸೊನ್ನೆ ಎಂದರೆ ಕಾಪಿ ಮಾಡಲು ಏನೂ ಇರಲಿಲ್ಲ, 1 ಎಂದರೆ ಫೈಲ್‌ಗಳು ಕಾಪಿಯಾದವು. 7ರವರೆಗೆ ಕಾಪಿ ವಿಫಲವಾಗಿಲ್ಲ ಎಂದರ್ಥ. 8 ಅಥವಾ ಮೇಲಿದ್ದರೆ ಮಾತ್ರ ಯಾವುದೋ ಫೈಲ್ ತಪ್ಪಿದೆ. ಸೊನ್ನೆಯಲ್ಲದ್ದೆಲ್ಲ ದೋಷ ಎಂದು ಬರೆದ ಸ್ಕ್ರಿಪ್ಟ್ ದಿನವೂ ಸುಳ್ಳು ಎಚ್ಚರಿಕೆ ಕೊಡುತ್ತದೆ, ಕೆಲವು ವಾರದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಲಾಗ್‌ನಲ್ಲಿ ದೋಷ 32 ಕಂಡರೆ ಆ ಫೈಲನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ. ಔಟ್‌ಲುಕ್ ತೆರೆದಿರುವಾಗ ಪಿಎಸ್‌ಟಿ ಫೈಲ್‌ಗಳಿಗೆ (ಕಂಪ್ಯೂಟರ್‌ನಲ್ಲೇ ಉಳಿಸಿದ ಮೇಲ್‌ಗಳ ಫೈಲ್‌ಗಳಿಗೆ) ಇದೇ ಆಗುತ್ತದೆ. ಪಿಎಸ್‌ಟಿಗಳನ್ನು ಈ ಸ್ಕ್ರಿಪ್ಟ್‌ನಿಂದ ಹೊರಗಿಟ್ಟು, ತೆರೆದಿರುವ ಫೈಲ್‌ಗಳನ್ನೂ ತೆಗೆಯಬಲ್ಲ ಶ್ಯಾಡೊ ಕಾಪಿ ಬಳಸುವ ಬೇರೆ ಬ್ಯಾಕಪ್‌ಗೆ ಸೇರಿಸಿ.

ಎಲ್ಲ ಸರಿಯಾಗಿ ಮುಗಿದ ಮೇಲೆ ದಿನಾಂಕ, ಕಂಪ್ಯೂಟರ್ ಹೆಸರು, ಒಟ್ಟು ಗಾತ್ರ ಇರುವ ಒಂದು ಸಣ್ಣ ಪಠ್ಯ ಫೈಲನ್ನು ಬಳಕೆದಾರರ ಫೋಲ್ಡರ್‌ನಲ್ಲಿ ಬರೆಯಿರಿ. ಸರ್ವರ್‌ನಲ್ಲಿ ಇನ್ನೊಂದು ಸ್ಕ್ರಿಪ್ಟ್ ವಾರಕ್ಕೊಮ್ಮೆ ಇವನ್ನೆಲ್ಲ ಓದಿ, ಏಳು ದಿನಕ್ಕಿಂತ ಹಳೆಯದಾದವನ್ನೂ ಗಾತ್ರ ಏಕಾಏಕಿ ಅರ್ಧಕ್ಕಿಳಿದವನ್ನೂ ಪಟ್ಟಿ ಮಾಡಲಿ.

ಎಲ್ಲ ಕಂಪ್ಯೂಟರ್‌ಗಳಿಗೆ ಹಂಚುವುದು

ಲಾಗಾಫ್ ಸ್ಕ್ರಿಪ್ಟ್ ಆಗಿ ಹಾಕುವ ಆಸೆ ಬರುತ್ತದೆ. ಜನ ಲಾಗಾಫ್ ಆಗುವುದೇ ಇಲ್ಲ, ಲ್ಯಾಪ್‌ಟಾಪ್ ಮುಚ್ಚಿ ಹೊರಡುತ್ತಾರೆ. ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಮೂಲಕ ಶೆಡ್ಯೂಲ್ಡ್ ಟಾಸ್ಕ್ ಹಂಚಿ. ‘ಯಾರ ಹೆಸರಿನಲ್ಲಿ’ ಎಂಬಲ್ಲಿ ಬಿಲ್ಟ್‌ಇನ್\ಯೂಸರ್ಸ್ ಗುಂಪನ್ನು ಕೊಟ್ಟರೆ ಆ ಹೊತ್ತಿಗೆ ಲಾಗಿನ್ ಆಗಿರುವವರ ಹೆಸರಿನಲ್ಲೇ ಓಡುತ್ತದೆ, ಎಚ್‌ಕೆಸಿಯು ಸರಿಯಾದದ್ದೇ ಸಿಗುತ್ತದೆ. ಸಿಸ್ಟಂ ಹೆಸರಿನಲ್ಲಿ ಓಡಿಸಿದರೆ ಸಿಸ್ಟಂನ ಖಾಲಿ ಸೆಟ್ಟಿಂಗ್‌ಗಳು ಸಿಗುತ್ತವೆ.

ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಇಡಿ, ರ‍್ಯಾಂಡಮ್ ಡಿಲೇ ಒಂದು ಗಂಟೆ ಕೊಡಿ. ಇಲ್ಲವಾದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ನಿಮಿಷದಲ್ಲಿ ಸರ್ವರ್ ಮೇಲೆ ಬೀಳುತ್ತವೆ. ಎರಡು ಟಿಕ್‌ಗಳನ್ನು ಕೈಯಾರೆ ಬದಲಿಸಬೇಕು. ‘ಎಸಿ ವಿದ್ಯುತ್ ಇದ್ದರೆ ಮಾತ್ರ’ ಎಂಬುದು ಮೊದಲೇ ಆನ್ ಆಗಿರುತ್ತದೆ, ತೆಗೆಯಿರಿ. ಬ್ಯಾಟರಿಯಲ್ಲಿರುವ ಲ್ಯಾಪ್‌ಟಾಪ್‌ಗಳ ಬ್ಯಾಕಪ್ ತಿಂಗಳುಗಟ್ಟಲೆ ಆಗದಿರುವುದಕ್ಕೆ ಇದೇ ಸಾಮಾನ್ಯ ಕಾರಣ. ‘ಸಮಯ ತಪ್ಪಿದರೆ ಆದಷ್ಟು ಬೇಗ ಓಡಿಸು’ ಎಂಬುದು ಆಫ್ ಆಗಿರುತ್ತದೆ, ಆನ್ ಮಾಡಿ. ಸ್ಕ್ರಿಪ್ಟ್ ಫೈಲನ್ನು ಪ್ರೋಗ್ರಾಂ ಫೈಲ್ಸ್ ಅಡಿ ಇಡಿ. ಬಳಕೆದಾರರು ಬದಲಿಸಬಹುದಾದ ಜಾಗದಲ್ಲಿಟ್ಟರೆ ಇನ್ನೊಬ್ಬರ ಹೆಸರಿನಲ್ಲಿ ಏನು ಬೇಕಾದರೂ ಓಡಿಸಲು ದಾರಿ ಮಾಡಿಕೊಟ್ಟಂತೆ. ಮೊದಲ ವಾರ ಹತ್ತು ಕಂಪ್ಯೂಟರ್‌ಗಳ ಗುಂಪಿಗಷ್ಟೇ ಪಾಲಿಸಿ ಹಚ್ಚಿ, ಲಾಗ್ ಓದಿ, ಆಮೇಲೆ ಹರಡಿ.

ಕಂಪ್ಯೂಟರ್ ಬದಲಿಸುವಾಗ ಯೂಎಸ್‌ಎಂಟಿ

ಇದು ವಿಂಡೋಸ್ ಎಡಿಕೆ (ಕಂಪ್ಯೂಟರ್‌ಗಳಿಗೆ ವಿಂಡೋಸ್ ಹಾಕುವವರಿಗಾಗಿ ಮೈಕ್ರೊಸಾಫ್ಟ್ ಕೊಡುವ ಉಪಕರಣಗಳ ಕಟ್ಟು) ಜೊತೆ ಉಚಿತವಾಗಿ ಬರುತ್ತದೆ. ಅಡ್ಮಿನ್ ಕಂಪ್ಯೂಟರ್‌ನಲ್ಲಿ ಎಡಿಕೆ ಹಾಕಿ, ಯೂಎಸ್‌ಎಂಟಿಯ ಎಎಂಡಿ64 ಫೋಲ್ಡರನ್ನು ಶೇರ್‌ಗೆ ಕಾಪಿ ಮಾಡಿಟ್ಟುಕೊಂಡರೆ ಸಾಕು.

1. ಹಳೆಯ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಆಗಿ: ಸ್ಕ್ಯಾನ್‌ಸ್ಟೇಟ್ ಸಂಗ್ರಹದದಾರಿ /ಐ:ಮಿಗ್‌ಆ್ಯಪ್.ಎಕ್ಸ್‌ಎಂಎಲ್ /ಐ:ಮಿಗ್‌ಡಾಕ್ಸ್.ಎಕ್ಸ್‌ಎಂಎಲ್ /ಓ /ಸಿ /ವಿಎಸ್‌ಸಿ /ಯುಇ:*\* /ಯುಐ:ಡೊಮೇನ್\ಬಳಕೆದಾರ /ವಿ:13 /ಎಲ್:ಲಾಗ್‌ಫೈಲ್. ಲಾಗ್ ಫೈಲ್ ಸಂಗ್ರಹದ ಫೋಲ್ಡರ್‌ನಿಂದ ಹೊರಗಿರಬೇಕು. /ಯುಇ ಎಲ್ಲರನ್ನೂ ಹೊರಗಿಡುತ್ತದೆ, /ಯುಐ ಬೇಕಾದವರನ್ನು ಒಳಗೆ ತರುತ್ತದೆ.

2. ದಾಖಲೆಗಳು ಈಗಾಗಲೇ ಸರ್ವರ್‌ನಲ್ಲಿದ್ದರೆ ಮಿಗ್‌ಡಾಕ್ಸ್ ಬಿಟ್ಟುಬಿಡಿ, ಅದು ಜಿಬಿಗಟ್ಟಲೆ ಎಳೆಯುತ್ತದೆ. ಮಿಗ್‌ಡಾಕ್ಸ್ ಮತ್ತು ಮಿಗ್‌ಯೂಸರ್ ಎರಡನ್ನೂ ಒಟ್ಟಿಗೆ ಕೊಡಬೇಡಿ.

3. ಯೂಎಸ್‌ಎಂಟಿಯೂಟಿಲ್ಸ್ /ವೆರಿಫೈ ಕೊಟ್ಟು ಯೂಎಸ್‌ಎಂಟಿ.ಮಿಗ್ ಫೈಲ್ ಸರಿಯಿದೆಯೇ ನೋಡಿ. ಇದಾಗುವವರೆಗೆ ಹಳೆಯ ಡಿಸ್ಕ್ ಅಳಿಸಬೇಡಿ.

4. ಹೊಸ ಕಂಪ್ಯೂಟರನ್ನು ಡೊಮೇನ್‌ಗೆ ಸೇರಿಸಿ, ಪ್ರೋಗ್ರಾಂಗಳನ್ನೆಲ್ಲ ಹಾಕಿ, ಬಳಕೆದಾರರು ಲಾಗಿನ್ ಆಗುವ ಮೊದಲು ಅದೇ ಎಕ್ಸ್‌ಎಂಎಲ್‌ಗಳ ಜೊತೆ ಲೋಡ್‌ಸ್ಟೇಟ್ ಓಡಿಸಿ. ಪ್ರೋಗ್ರಾಂ ಇಲ್ಲದಿದ್ದರೆ ಅದರ ಸೆಟ್ಟಿಂಗ್ ಕೂರುವುದಿಲ್ಲ.

/ಸಿ ಎಂದರೆ ಸಣ್ಣ ದೋಷಗಳನ್ನು ದಾಟಿ ಮುಂದುವರಿಯುವುದು. ಆಗ ಮುಕ್ತಾಯ ಸಂಕೇತ 3 ಬಂದರೆ ಏನೋ ಬಿಟ್ಟುಹೋಗಿದೆ ಎಂದರ್ಥ, ಲಾಗ್ ಓದಲೇಬೇಕು. ಮಿಗ್‌ಆ್ಯಪ್‌ನಲ್ಲಿರುವ ಪ್ರೋಗ್ರಾಂಗಳ ಪಟ್ಟಿ ಹಳೆಯದು, ಬ್ರೌಸರ್‌ಗಳಿಗೆ ಅದನ್ನು ನೆಚ್ಚಬೇಡಿ. ದಿನದ ಸ್ಕ್ರಿಪ್ಟ್ ತೆಗೆದದ್ದನ್ನೇ ಬಳಸಿ. ಸ್ವಂತ ಪ್ರೋಗ್ರಾಂಗಳಿಗೆ ಒಂದು ಪುಟ್ಟ ಎಕ್ಸ್‌ಎಂಎಲ್ ಬರೆದು ಇನ್ನೊಂದು /ಐ ಸೇರಿಸಬಹುದು. ಪಾಸ್‌ವರ್ಡ್, ಡ್ರೈವರ್, ಸ್ಥಳೀಯ ಪ್ರಿಂಟರ್ ಇದರಲ್ಲಿ ಬರುವುದಿಲ್ಲ.

ಮರಳಿ ಹಾಕುವಾಗ

ಪ್ರೋಗ್ರಾಂ ಹಾಕಿ, ಒಮ್ಮೆ ತೆರೆದು ಮುಚ್ಚಿ, ಆಮೇಲೆ ಫೈಲ್‌ಗಳನ್ನು ಇಡಿ, ರಿಜಿಸ್ಟ್ರಿ ಇಂಪೋರ್ಟ್ ಮಾಡಿ, ಕೊನೆಗೆ ಮತ್ತೆ ತೆರೆಯಿರಿ. ತೆರೆದಿರುವಾಗಲೇ ಹಾಕಿದರೆ ಮುಚ್ಚುವ ಹೊತ್ತಿಗೆ ಪ್ರೋಗ್ರಾಂ ತನ್ನ ನೆನಪಿನಲ್ಲಿದ್ದ ಹಳೆಯದನ್ನು ಮೇಲೆ ಬರೆಯುತ್ತದೆ. ವರ್ಡ್ ಮತ್ತು ಕ್ರೋಮ್ ಎರಡರಲ್ಲೂ ಇದು ಸಾಮಾನ್ಯ. ಕ್ರೋಮ್ ಮುಚ್ಚಿದಂತೆ ಕಂಡರೂ ಹಿನ್ನೆಲೆಯಲ್ಲಿ ಓಡುತ್ತಿರಬಹುದು, ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ.

ರಿಜಿಸ್ಟ್ರಿ ಫೈಲನ್ನು ಬಳಕೆದಾರರ ಲಾಗಿನ್‌ನಲ್ಲೇ ಇಂಪೋರ್ಟ್ ಮಾಡಬೇಕು. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿದರೆ ‘ಯಶಸ್ವಿ’ ಎಂದೇ ಬರುತ್ತದೆ, ಆದರೆ ಸೆಟ್ಟಿಂಗ್‌ಗಳು ಹೋಗಿ ಕೂರುವುದು ಅಡ್ಮಿನ್‌ನ ಎಚ್‌ಕೆಸಿಯುನಲ್ಲಿ. ಇಂಪೋರ್ಟ್ ಹಳೆಯದರ ಜೊತೆ ಸೇರಿಸುತ್ತದೆಯೇ ಹೊರತು ಇರುವುದನ್ನು ಅಳಿಸುವುದಿಲ್ಲ ಎಂಬುದೂ ನೆನಪಿರಲಿ. ಫೈರ್‌ಫಾಕ್ಸ್‌ನ ಪ್ರೊಫೈಲ್ ಫೋಲ್ಡರ್ ಹೆಸರು ಪ್ರತಿ ಕಂಪ್ಯೂಟರ್‌ನಲ್ಲಿ ಬೇರೆ, ಹಾಗಾಗಿ ಫೋಲ್ಡರ್ ಎತ್ತಿಡದೆ ಬುಕ್‌ಮಾರ್ಕ್ ಮ್ಯಾನೇಜರ್‌ನ ರಿಸ್ಟೋರ್ ಮೂಲಕವೇ ಹಾಕಿ.

ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಸಿಕ್ಕಿಬಿದ್ದವರಿಗೆ ಬ್ಯಾಕಪ್ ತರುವ ಮೊದಲು ರಿಜಿಸ್ಟ್ರಿಯಲ್ಲಿ ಇಡೀ ಕಂಪ್ಯೂಟರ್‌ಗೆ ಸೇರಿದ ಎಚ್‌ಕೆಎಲ್‌ಎಂ ಅಡಿಯ ಪ್ರೊಫೈಲ್‌ಲಿಸ್ಟ್ ನೋಡಿ. ಅವರ ಎಸ್‌ಐಡಿ ಎರಡು ಸಲ ಇದ್ದು ಒಂದರ ಕೊನೆಗೆ .ಬ್ಯಾಕ್ ಎಂದಿದ್ದರೆ, ಹಳೆಯ ಪ್ರೊಫೈಲ್ ಡಿಸ್ಕ್‌ನಲ್ಲಿ ಹಾಗೇ ಇರುವ ಸಾಧ್ಯತೆ ಹೆಚ್ಚು. ಆ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, .ಬ್ಯಾಕ್ ಇಲ್ಲದ್ದರ ಹೆಸರು ಬದಲಿಸಿ, ಇನ್ನೊಂದರ .ಬ್ಯಾಕ್ ತೆಗೆದು, ಕಂಪ್ಯೂಟರ್ ಮರುಚಾಲನೆ ಮಾಡಿದರೆ ಬಹಳ ಸಲ ಎಲ್ಲವೂ ವಾಪಸ್ ಬರುತ್ತದೆ.

ತಿಂಗಳಿಗೊಮ್ಮೆ ಬೇರೆ ಬೇರೆ ವಿಭಾಗದ ಇಬ್ಬರ ಬ್ಯಾಕಪ್ ಆರಿಸಿ, ಪರೀಕ್ಷೆಗೆಂದೇ ಇಟ್ಟ ಖಾತೆಯಲ್ಲಿ, ಅವರ ಒಪ್ಪಿಗೆ ಪಡೆದು, ಮರಳಿ ಹಾಕಿ ನೋಡಿ. ಸಹಿ, ಬುಕ್‌ಮಾರ್ಕ್, ಮ್ಯಾಕ್ರೊ, ಓಡಿಬಿಸಿ ಈ ನಾಲ್ಕನ್ನು ತೆರೆದು ಪರೀಕ್ಷಿಸಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೊಸ ಪ್ರೋಗ್ರಾಂ ಕಚೇರಿಗೆ ಬಂದಾಗಲೆಲ್ಲ ಅದರ ಸೆಟ್ಟಿಂಗ್ ಎಲ್ಲಿ ಕೂರುತ್ತದೆ ಎಂದು ಪ್ರೋಸೆಸ್ ಮಾನಿಟರ್‌ನಲ್ಲಿ (ಪ್ರೋಗ್ರಾಂ ಮುಟ್ಟುವ ಫೈಲ್, ಕೀಗಳನ್ನು ತೋರಿಸುವ ಮೈಕ್ರೊಸಾಫ್ಟ್ ಉಪಕರಣದಲ್ಲಿ) ನೋಡಿ ಪಟ್ಟಿಗೆ ಸೇರಿಸಿ. ಯಾರಾದರೂ ಹೆಸರು ಬದಲಿಸಿಕೊಂಡು ಲಾಗಿನ್ ಹೆಸರೂ ಬದಲಾದರೆ ಸಿ:\ಯೂಸರ್ಸ್ ಅಡಿಯ ಫೋಲ್ಡರ್ ಹಳೆಯ ಹೆಸರಿನಲ್ಲೇ ಉಳಿಯುತ್ತದೆ, ಸರ್ವರ್‌ನಲ್ಲಿ ಮಾತ್ರ ಹೊಸ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಅಂಥವರ ಹಳೆಯ ಬ್ಯಾಕಪ್ ಫೋಲ್ಡರ್‌ಗೆ ಅದೇ ದಿನ ಹೊಸ ಹೆಸರಿಡಿ, ಇಲ್ಲದಿದ್ದರೆ ಕೆಲಸ ಬಿಟ್ಟು ಹೋದವರ ಫೋಲ್ಡರ್‌ಗಳನ್ನು ಅಳಿಸುವ ದಿನ ಅದೂ ಅವುಗಳ ಜೊತೆ ಹೋಗುತ್ತದೆ.